ಸಾಕುನಾಯಿಯೂ ಶ್ರಾವಕನ ಅಣುವ್ರತವೂ

ಭಗವಾನ್ ಮಹಾವೀರರು ದೀಕ್ಷೆಯ ಬಳಿಕ ಲಾಢ ದೇಶದಲ್ಲಿ ವಿಹರಿಸಿದ ಪ್ರಸಂಗವು ಶ್ವೇತಾಂಬರ ಆಗಮಗಳಲ್ಲಿ ಮೊದಲನೆಯದಾದ ಆಚಾರಾಂಗ ಸೂತ್ರದಲ್ಲಿ ಬರುತ್ತದೆ. ಇಂದಿನ ಪಶ್ಚಿಮ ಬಂಗಾಳದ ರಾಢ ಪ್ರದೇಶವೇ ಆ ಲಾಢವೆಂದು ವಿದ್ವಾಂಸರು ಹೇಳುವುದುಂಟು. ಅಲ್ಲಿ ಆಹಾರ ರೂಕ್ಷ, ವಸತಿ ರೂಕ್ಷ, ಜನರ ನಡವಳಿಕೆಯೂ ರೂಕ್ಷ. ನಾಯಿಗಳು ಅವರ ಮೇಲೆರಗಿ ಕಚ್ಚಿದವು. ಆ ಸೀಮೆಯಲ್ಲಿ ಸಂಚರಿಸುತ್ತಿದ್ದ ಅನ್ಯ ಶ್ರಮಣರು ನಾಯಿಗಳ ಭಯದಿಂದ ಗಟ್ಟಿ ಕೋಲುಗಳನ್ನು ಹಿಡಿದು ನಡೆಯುತ್ತಿದ್ದರು. ಮಹಾವೀರರ ಕೈಯಲ್ಲಿ ಕೋಲಿರಲಿಲ್ಲ. ಪ್ರವಚನಗಳಲ್ಲಿ ಈ ಪ್ರಸಂಗವನ್ನು ಉಪಸರ್ಗಜಯದ ನಿದರ್ಶನವೆಂದು ವಿವರಿಸುವುದು ವಾಡಿಕೆ. ಅದು ಸರಿಯೂ ಹೌದು. ಆದರೆ ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಸಂಗತಿ ಅಲ್ಲಿದೆ. ಕಚ್ಚಲು ಬಂದ ನಾಯಿಗಳನ್ನು ತಡೆದವರು ತೀರ ಕೆಲವರು. ಉಳಿದವರು ತಡೆಯಲಿಲ್ಲ, ‘ಛೂ’ ಎಂದು ಶ್ರಮಣನ ಮೇಲೆ ಬಿಟ್ಟವರೂ ಇದ್ದರು. ಸೂತ್ರದ ದೂರು ನಾಯಿಯ ಮೇಲಲ್ಲ, ನಾಯಿಯ ಪಕ್ಕದಲ್ಲಿದ್ದ ಮನುಷ್ಯನ ಮೇಲೆ.

ಇಂದು ದೇವನಹಳ್ಳಿಯಂತಹ ಊರಿನ ಬೀದಿಯಲ್ಲಿ ಬೆಳಗಿನ ಹೊತ್ತು ನಡೆದಾಡುವವರಿಗೆ ಈ ಮಾತು ಹಳೆಯದೆನಿಸುವುದಿಲ್ಲ. ಚಕ್ಕೋತಕ್ಕೂ ದ್ರಾಕ್ಷಿತೋಟಗಳಿಗೂ ಹೆಸರಾಗಿದ್ದ ಈ ಸೀಮೆ, 2008ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬೇರೊಂದು ರೂಪ ತಾಳಿತು. ಹೊಲಗಳಿದ್ದಲ್ಲಿ ಬಡಾವಣೆಗಳು ಎದ್ದವು. ಹೊಸ ಮನೆಗಳೊಡನೆ ಹೊಸ ಬಗೆಯ ಸಾಕುನಾಯಿಗಳೂ ಬಂದವು. ಹಿಂದೆ ಹಳ್ಳಿಯ ನಾಯಿ ಹಟ್ಟಿಯ ಬಾಗಿಲಲ್ಲಿ ಮಲಗಿ, ಉಳಿದ ಮುದ್ದೆ ತಿಂದು, ಹೊಲಕ್ಕೆ ಒಡೆಯನ ಹಿಂದೆ ಹೋಗಿ ಬರುತ್ತಿತ್ತು. ಊರಿನವರೆಲ್ಲರ ಗುರುತು ಅದಕ್ಕೆ, ಅದರ ಗುರುತು ಊರಿನವರಿಗೆ. ಈಗ ಮೂವತ್ತು ನಲವತ್ತು ಕಿಲೋ ತೂಗುವ ಜರ್ಮನ್ ಶೆಫರ್ಡ್, ರಾಟ್‌ವೀಲರ್ ತಳಿಯ ನಾಯಿ ದಿನವಿಡೀ ಕಾಂಪೌಂಡಿನೊಳಗಿದ್ದು, ಬೆಳಗ್ಗೆ ಅರ್ಧಗಂಟೆ ಮಾತ್ರ ಬೀದಿ ಕಾಣುತ್ತದೆ. ಎದುರಿಗೆ ಬರುವವರೆಲ್ಲ ಅದಕ್ಕೆ ಅಪರಿಚಿತರು. ಅಂತಹ ನಾಯಿಯನ್ನು ಕೆಲವರು ಉದ್ಯಾನದ ಬಾಗಿಲಿಗೆ ಬಂದೊಡನೆ ಬಿಚ್ಚಿ ಬಿಡುತ್ತಾರೆ. ಸರಪಳಿ ಒಡೆಯನ ಕೈಯಲ್ಲಿ, ನಾಯಿ ನೂರು ಮಾರು ದೂರದಲ್ಲಿ, ಒಡೆಯನ ಕಣ್ಣು ಮೊಬೈಲಿನಲ್ಲಿ!

ಶಾಲೆಯ ಬಸ್ಸಿಗೆ ಕಾದಿರುವ ಮಗು ಕಿರುಚುತ್ತದೆ. ಮಂಡಿನೋವಿನ ಅಜ್ಜಿ ಓಡಲಾರದೆ ಗೋಡೆಗೆ ಒರಗಿ ನಿಲ್ಲುತ್ತಾಳೆ. ಆಗ ದೂರದಿಂದ ಒಂದು ಮಾತು ತೇಲಿಬರುತ್ತದೆ: ‘ಹೆದರ್ಕೋಬೇಡಿ ಅಜ್ಜಿ, ಅದು ಏನೂ ಮಾಡಲ್ಲ.’ ಆ ನಾಯಿ ಏನೂ ಮಾಡದಿರಬಹುದು, ನಿಜ. ಆದರೆ ಅಜ್ಜಿಯ ಎದೆ ಹೊಡೆದುಕೊಂಡದ್ದು ಏನೂ ಆಗದಂತೆಯೆ? ಒಂದು ಜೀವಿಯ ಮನಸ್ಸನ್ನು ಭಯದಿಂದ ಕಲಕುವುದನ್ನೂ ಜೈನಶಾಸ್ತ್ರ ಹಿಂಸೆಯ ಲೆಕ್ಕಕ್ಕೆ ಸೇರಿಸುತ್ತದೆ. ಶರೀರ, ವಚನ, ಮನಸ್ಸು, ಇಂದ್ರಿಯಗಳ ಶಕ್ತಿಗಳೆಲ್ಲವೂ ‘ಪ್ರಾಣ’ಗಳೇ, ಉಸಿರೊಂದೇ ಪ್ರಾಣವಲ್ಲ.

ಇಲ್ಲಿ ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರವನ್ನು ನೆನೆಯಬೇಕು. ಅದರ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣ ಹೇಳುವಾಗ ಆಚಾರ್ಯರು ಪ್ರಾಣಹಾನಿಗಿಂತ ಮೊದಲು ಪ್ರಮಾದವನ್ನು ಇಟ್ಟಿದ್ದಾರೆ. ಪ್ರಮಾದವೆಂದರೆ ಎಚ್ಚರಗೇಡಿತನ, ಮಾಡಬೇಕಾದುದರ ಬಗ್ಗೆ ಅನಾದರ. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇನ್ನೂ ಮುಂದೆ ಹೋಗುತ್ತಾರೆ. ಅಜಾಗರೂಕನಾಗಿ ನಡೆಯುವವನಿಗೆ ಎದುರಿನ ಜೀವಿ ಸತ್ತರೂ ಉಳಿದರೂ ಹಿಂಸಾದೋಷ ತಪ್ಪಿದ್ದಲ್ಲ. ಎಚ್ಚರದಿಂದ ನಡೆಯುವವನಿಗೆ ಕೇವಲ ಆಕಸ್ಮಿಕದಿಂದ ಬಂಧವಿಲ್ಲವೆಂಬುದು ಅವರ ಅಭಿಪ್ರಾಯ. ‘ನಮ್ಮ ನಾಯಿ ಇಷ್ಟು ವರ್ಷ ಯಾರನ್ನೂ ಕಚ್ಚಿಲ್ಲ’ ಎಂಬ ಸಮಾಧಾನ ಈ ತಕ್ಕಡಿಯಲ್ಲಿ ತೂಗುವುದಿಲ್ಲ. ಕಚ್ಚಿದ ದಿನ ಹಿಂಸೆ ಆರಂಭವಾಗುವುದೂ ಅಲ್ಲ. ಸರಪಳಿ ಬಿಚ್ಚಿ, ಮುಖ ತಿರುಗಿಸಿಕೊಂಡ ಮೊದಲ ದಿನವೇ ಅದು ಆರಂಭವಾಗಿರುತ್ತದೆ.

ಹಾಗಾದರೆ ಕಟ್ಟುವುದು ಹಿಂಸೆಯಲ್ಲವೆ? ಈ ಪ್ರಶ್ನೆಯನ್ನು ಶ್ರಾವಕರೇ ಎತ್ತುವುದುಂಟು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದೇ ಬಂಧ, ಅಂದರೆ ಕಟ್ಟಿಹಾಕುವುದು. ಬಳಿಕ ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ: ಹೊಡೆಯುವುದು, ಅಂಗ ಕೊಯ್ಯುವುದು, ಮಿತಿಮೀರಿ ಭಾರ ಹೇರುವುದು, ಹೊತ್ತಿಗೆ ಸರಿಯಾಗಿ ಅನ್ನನೀರು ಕೊಡದಿರುವುದು. ದನಕರುಗಳನ್ನೂ ಆಳುಕಾಳುಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ ಮಾತುಗಳಿವು. ಆದರೆ ಸಾಕುನಾಯಿಗೆ ಒಂದಕ್ಷರವೂ ಬದಲಿಸಬೇಕಾಗಿಲ್ಲ. ಬಂಧದ ಪ್ರಶ್ನೆಗೆ ವ್ಯಾಖ್ಯಾನಕಾರರು ತೀರ ವ್ಯಾವಹಾರಿಕವಾದ ಉತ್ತರ ಕೊಟ್ಟಿದ್ದಾರೆ. ಕಾರಣವಿಲ್ಲದೆ, ಕೋಪದಿಂದ, ಮಿಸುಕಲೂ ಆಗದಂತೆ ಬಿಗಿಯುವುದು ದೋಷ. ಕಾರಣವಿದ್ದು, ಸಡಿಲವಾದ ಹಗ್ಗದಿಂದ, ಬೆಂಕಿ ಬಿದ್ದರೆ ಥಟ್ಟನೆ ಬಿಚ್ಚಲಾಗುವಂತೆ ಕಟ್ಟುವುದು ದೋಷವಲ್ಲ. ಬೆಂಕಿಯ ಮಾತನ್ನೂ ಮರೆಯದ ಆ ಹಿರಿಯರು ಹಟ್ಟಿಯ ಬದುಕನ್ನು ಕಂಡವರೇ ಇರಬೇಕು.

ಈ ಅಳತೆಯಲ್ಲಿ ನೋಡಿದರೆ, ಜನರಿರುವ ಹಾದಿಯಲ್ಲಿ ಅರ್ಧಗಂಟೆ ಕೊರಳಪಟ್ಟಿಗೆ ಹಗ್ಗ ಹಾಕಿ ಹಿಡಿದುಕೊಳ್ಳುವುದು ಬಂಧವಾಗದು. ಅದು ಹಾದಿಹೋಕರಿಗೂ ರಕ್ಷೆ, ನಾಯಿಗೂ ರಕ್ಷೆ. ವಿಮಾನ ನಿಲ್ದಾಣದ ದಿಕ್ಕಿಗೆ ಹರಿಯುವ ವಾಹನಗಳ ನಡುವೆ ಬಿಚ್ಚಿದ ನಾಯಿಯ ಪಾಡೇನು? ಬಾಯಿ ಹಾಕುವ ಸ್ವಭಾವದ ನಾಯಿಗೆ, ಸುಗ್ಗಿಯಲ್ಲಿ ಎತ್ತಿಗೆ ಹಾಕುತ್ತಿದ್ದ ಹಾಗೆ, ಉಸಿರಾಡಲು ಅಡ್ಡಿಯಾಗದ ಕುಕ್ಕೆ ಹಾಕುವುದೂ ಹೀಗೆಯೇ. ನಿಜವಾದ ಬಂಧ ಇರುವುದು ಬೇರೆಡೆ. ಕಾವಲಿಗೆಂದು ತಂದ ನಾಯಿಯನ್ನು ತಾರಸಿಯ ಮೇಲೆ ಮೂರಡಿ ಸರಪಳಿಯಲ್ಲಿ ಹಗಲಿರುಳು ಕಟ್ಟಿ, ಬಿಸಿಲಿಗೂ ಮಳೆಗೂ ಬಿಟ್ಟು, ಅದು ಬೊಗಳಿದರೆ ಗದರುವ ಮನೆಗಳುಂಟು. ಹಬ್ಬಕ್ಕೆ ಊರಿಗೆ ಹೋಗುವಾಗ ಎರಡು ದಿನದ ಅನ್ನ ಒಮ್ಮೆಗೇ ಸುರಿದು ಬಾಗಿಲು ಹಾಕಿಕೊಂಡು ಹೋಗುವವರೂ ಉಂಟು. ಅಂದಕ್ಕಾಗಿ ಮರಿಯ ಬಾಲವನ್ನೂ ಕಿವಿಯನ್ನೂ ಕತ್ತರಿಸುವ ಪದ್ಧತಿಗೆ ಛೇದವೆಂದಲ್ಲದೆ ಬೇರೆ ಹೆಸರಿಲ್ಲ. ಸದಾ ಕಟ್ಟಿಹಾಕಿದ ನಾಯಿಗೆ ಸಾಕಷ್ಟು ಅಡ್ಡಾಟ ಕೊಡದಿರುವುದನ್ನು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯೂ ಅಪರಾಧವೆಂದೇ ಎಣಿಸಿದೆ. ಮೊದಲ ಸಲ ತಪ್ಪಿದವರಿಗೆ ಅಲ್ಲಿರುವ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ! ಕಾಯಿದೆಯ ತೂಕ ಅಷ್ಟು. ಪ್ರತಿಕ್ರಮಣದಲ್ಲಿ ಈ ಐದು ಅತಿಚಾರಗಳನ್ನು ಒಂದೊಂದಾಗಿ ನೆನೆದು ಆಲೋಚನೆ ಮಾಡುವ ಶ್ರಾವಕನ ತೂಕ ಬೇರೆಯಾಗಿರಬೇಕಷ್ಟೆ.

ಇನ್ನು ಬೀದಿಯ ದೊಡ್ಡ ದೂರು ಮಲದ್ದು. ಹೇಳಲು ಸಂಕೋಚವಾಗುವ ವಿಷಯವೆಂದು ಪ್ರವಚನಗಳಲ್ಲಿ ಇದನ್ನು ಬಿಡುತ್ತಾರೆ; ಶಾಸ್ತ್ರ ಬಿಟ್ಟಿಲ್ಲ. ಮುನಿಗಳ ಐದು ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ ಸಮಿತಿ. ಮೂಲಾಚಾರದಲ್ಲಿ ಅದಕ್ಕೆ ಪ್ರತಿಷ್ಠಾಪನಾ ಸಮಿತಿ ಎಂಬ ಹೆಸರು. ಮಲಮೂತ್ರಗಳನ್ನು ಎಲ್ಲೆಂದರಲ್ಲಿ ಬಿಡದೆ, ಜೀವಜಂತುಗಳಿಲ್ಲದ, ಜನರ ಓಡಾಟವಿಲ್ಲದ, ಯಾರಿಗೂ ಆಕ್ಷೇಪವಿಲ್ಲದ ಜಾಗವನ್ನು ಕಣ್ಣಿಂದ ನೋಡಿ ಶೋಧಿಸಿಕೊಂಡು ಬಿಡಬೇಕೆಂಬ ಶಿಸ್ತು ಅದು. ಸರ್ವಸಂಗ ಪರಿತ್ಯಾಗ ಮಾಡಿದ ಮುನಿಗೇ ಇಷ್ಟು ಎಚ್ಚರವೆಂದಮೇಲೆ, ಸಾಕಿದ ಪ್ರಾಣಿಯ ಹೊಣೆ ಹೊತ್ತ ಗೃಹಸ್ಥನಿಗೆ ಅದರ ಒಂದಂಶವಾದರೂ ಬೇಡವೆ? ನಾಯಿಗೆ ಶಾಸ್ತ್ರ ಗೊತ್ತಿಲ್ಲ. ಹಗ್ಗದ ಇನ್ನೊಂದು ತುದಿಯಲ್ಲಿರುವವರಿಗೆ ಗೊತ್ತಿರಬೇಕು.

ಇದರ ಹಿಂದಿನ ಕಾರಣವನ್ನು ಪಶುವೈದ್ಯರನ್ನು ಕೇಳಿದರೂ ತಿಳಿದೀತು. ನಾಯಿಯ ಹೊಟ್ಟೆಯಲ್ಲಿ ದುಂಡುಹುಳು, ಕೊಕ್ಕೆಹುಳುಗಳಿದ್ದರೆ ಅವುಗಳ ಮೊಟ್ಟೆಗಳು ಮಲದೊಡನೆ ನೆಲಕ್ಕೆ ಬೀಳುತ್ತವೆ. ದುಂಡುಹುಳುವಿನ ಮೊಟ್ಟೆಗಳು ಬಿದ್ದ ಕೂಡಲೇ ಸೋಂಕು ತರುವುದಿಲ್ಲ, ಕೆಲವು ವಾರ ಮಣ್ಣಿನಲ್ಲಿದ್ದು ಬಲಿಯುತ್ತವೆ. ಆಮೇಲೆ ವರ್ಷಗಟ್ಟಲೆ ಜೀವಂತವಿರಬಲ್ಲವು. ಮಣ್ಣಿನಲ್ಲಾಡಿ ಕೈ ಬಾಯಿಗಿಟ್ಟ ಮಗುವಿನ ಹೊಟ್ಟೆ ಸೇರಿದರೆ ಯಕೃತ್ತಿಗೂ ಕಣ್ಣಿಗೂ ಅಪಾಯವುಂಟು. ಕೊಕ್ಕೆಹುಳುವಿನ ಮರಿಗಳು ಬರಿಗಾಲಿನ ಚರ್ಮವನ್ನೇ ತೂರಿ ಒಳಗೆ ಹರಿದಾಡಿ, ಹಾವಿನ ಜಾಡಿನಂತಹ ಗೆರೆ ಎಬ್ಬಿಸಿ, ತುರಿಕೆ ತರುತ್ತವೆ. ಬಿದ್ದ ಕೂಡಲೇ ಎತ್ತಿದರೆ ಈ ಸರಣಿಯೇ ತುಂಡಾಗುತ್ತದೆ. ಅಷ್ಟೇ ಅಲ್ಲ, ತತ್ತ್ವಾರ್ಥಸೂತ್ರದ ಜೀವವಿಭಾಗದಲ್ಲಿ ಕ್ರಿಮಿಯು ಎರಡು ಇಂದ್ರಿಯಗಳುಳ್ಳ ಜೀವ. ಬೀದಿಯ ಮಲದಲ್ಲಿ ಹುಟ್ಟುವ ಅಸಂಖ್ಯ ಕ್ರಿಮಿಗಳು ಚಕ್ರಕ್ಕೂ ಚಪ್ಪಲಿಗೂ ಸಿಕ್ಕಿ ಸಾಯುತ್ತವೆ. ಎತ್ತದೆ ಬಿಟ್ಟವರ ಲೆಕ್ಕಕ್ಕೆ ಅವೂ ಬರುತ್ತವೆ.

ಬರಿಗಾಲು ನಮ್ಮ ನಾಡಿನಲ್ಲಿ ಬಡತನದ ಗುರುತು ಮಾತ್ರವಲ್ಲ, ಭಕ್ತಿಯ ಗುರುತೂ ಹೌದು. ದೇವನಹಳ್ಳಿ ಕೋಟೆಯ ವೇಣುಗೋಪಾಲಸ್ವಾಮಿ ಗುಡಿಗೆ ಬರುವವರು ಚಪ್ಪಲಿ ಬಿಡುತ್ತಾರೆ; ಹೆದ್ದಾರಿ ಬದಿಯ ನಾಕೋಡಾ ಅವಂತಿ 108 ಪಾರ್ಶ್ವನಾಥ ತೀರ್ಥಕ್ಕೆ ಬರುವವರೂ ಬಿಡುತ್ತಾರೆ. ದಿಗಂಬರ ಮುನಿಗಳು, ಆರ್ಯಿಕೆಯರು, ಶ್ವೇತಾಂಬರ ಸಾಧು ಸಾಧ್ವಿಯರು ಊರಿಂದೂರಿಗೆ ವಿಹಾರ ಮಾಡುವುದು ಬರಿಗಾಲಲ್ಲೇ. ಈರ್ಯಾಸಮಿತಿಯಂತೆ ಅವರು ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು, ಇರುವೆಯನ್ನೂ ತಪ್ಪಿಸಿ ಹೆಜ್ಜೆಯಿಡುತ್ತಾರೆ. ಅಂತಹವರ ದಾರಿಯನ್ನು ಹೊಲಸು ಮಾಡುವುದು, ಅವರ ಮೇಲೆ ಬಿಚ್ಚಿದ ನಾಯಿ ಎರಗುವಂತೆ ಮಾಡುವುದು ಲಾಢ ದೇಶದವರ ಸಾಲಿಗೇ ಸೇರುತ್ತದೆ. ಮುನಿಗಳು ಕೋಲೆತ್ತುವುದಿಲ್ಲ, ಕಲ್ಲೆಸೆಯುವುದಿಲ್ಲ, ಓಡುವುದೂ ಇಲ್ಲ, ನಿಂತುಬಿಡುತ್ತಾರೆ.

ಆ ಹೊಲಸನ್ನು ಈಗ ಎತ್ತುತ್ತಿರುವವರು ಯಾರು? ಪೌರಕಾರ್ಮಿಕರು. ಮುಂಜಾನೆಯ ಚಳಿಯಲ್ಲಿ ಕಸಬರಿಗೆ ಹಿಡಿದು ಬರುವ ತಾಯಂದಿರು, ಅನೇಕರು ಬರಿಗೈಯಲ್ಲಿ. ತಾವು ಮುಟ್ಟಲು ಹೇಸುವ ತಮ್ಮದೇ ನಾಯಿಯ ಮಲವನ್ನು ಬೇರೊಬ್ಬರು ಮುಟ್ಟಲಿ ಎಂಬ ಭಾವದಲ್ಲಿ ಮಾನಕಷಾಯವಲ್ಲದೆ ಮತ್ತೇನಿದೆ? ಮಳೆ ಬಂದರೆ ಉಳಿದದ್ದು ಚರಂಡಿಯ ಮೂಲಕ ಕೆರೆ ಸೇರುತ್ತದೆ. ದೇವನಹಳ್ಳಿಯ ಸಿಹಿನೀರು ಕೆರೆಯ ಹೆಸರೇ ಊರಿನ ನೀರಿನ ನೆನಪು. ಈಚಿನ ವರ್ಷಗಳಲ್ಲಿ ಆ ಕೆರೆಗೆ ಮತ್ತೆ ಜೀವ ತುಂಬಿ, ಪಕ್ಕದ ಹಳೆಯ ಬಾವಿಯ ನೀರನ್ನು ಶುದ್ಧಗೊಳಿಸಿ ಬಳಸುವ ಕೆಲಸ ನಡೆದಿದೆ. ಅಪ್ಕಾಯವೂ ಜೀವವೆಂದು ನೀರನ್ನು ಸೋಸಿ ಕುಡಿಯುವ ಮನೆತನಗಳು ಕೆರೆಗೆ ಹರಿಯುವ ಕೊಳೆಯ ಬಗ್ಗೆ ಉದಾಸೀನವಾಗಿರುವುದು ವಿಚಿತ್ರ. ಮಾಡಬೇಕಾದ ಕೆಲಸವಾದರೋ ಚಿಕ್ಕದು. ಹೊರಡುವಾಗ ಜೇಬಿನಲ್ಲಿ ಹಳೆಯ ಪತ್ರಿಕೆಯ ಎರಡು ಹಾಳೆ, ಒಂದು ಚೀಲ. ಎತ್ತಿ ತಂದು ಮನೆಯ ಶೌಚಾಲಯಕ್ಕೆ ಹಾಕುವುದು, ಇಲ್ಲವೆ ತರಕಾರಿ ಬೆಳೆಯದ ಮೂಲೆಯಲ್ಲಿ ಗುಂಡಿ ತೆಗೆದು ಮುಚ್ಚುವುದು. ಎತ್ತಿ ಚೀಲದಲ್ಲಿ ಕಟ್ಟಿ ಪಕ್ಕದ ಖಾಲಿ ನಿವೇಶನಕ್ಕೆ ಎಸೆಯುವುದು ಎತ್ತದಿರುವುದಕ್ಕಿಂತ ಕೆಟ್ಟದ್ದು.

ಈ ಕಿರಿಕಿರಿ ಬೆಂಗಳೂರಿಗೆ ಹಳೆಯದು. ಕಬ್ಬನ್ ಉದ್ಯಾನಕ್ಕೆ ಬರುವ ಕೆಲವರು ನಾಯಿಗಳನ್ನು ಬಿಚ್ಚಿಬಿಡುತ್ತಾರೆ, ಮಲವನ್ನು ಎತ್ತುವುದಿಲ್ಲ ಎಂಬ ದೂರುಗಳು ಹೆಚ್ಚಿ, 2022ರ ಜುಲೈ 1ರಿಂದ ಸಾಕುಪ್ರಾಣಿಗಳ ಪ್ರವೇಶವನ್ನೇ ನಿಲ್ಲಿಸಲು ತೋಟಗಾರಿಕೆ ಇಲಾಖೆ ಮುಂದಾಗಿತ್ತು. ಪ್ರಾಣಿಪ್ರಿಯರು ವಿರೋಧಿಸಿದರು, ನಿರ್ಧಾರ ಜಾರಿಗೆ ಬರಲಿಲ್ಲ. ಬಾರದಿದ್ದುದು ಒಳ್ಳೆಯದೇ ಆಯಿತು. ಆದರೆ ಅಲ್ಲಿ ಕೆಲವರ ಅಜಾಗ್ರತೆಗಾಗಿ ಹೊರಗುಳಿಯಬೇಕಾಗಿದ್ದುದು ಮಾತು ಬಾರದ ಪ್ರಾಣಿಗಳು ಎಂಬುದನ್ನು ಮರೆಯಬಾರದು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳ ನಾಯಿಗಳನ್ನು ಕ್ರೂರವೆಂದು ಗುರುತಿಸಿ ಅವುಗಳ ಸಾಕಣೆಗೆ ತಡೆ ಹಾಕಲು ಸುತ್ತೋಲೆ ಹೊರಡಿಸಿದಾಗಲೂ ಹೀಗೆಯೇ ಆಯಿತು. ಸಂಬಂಧಪಟ್ಟವರ ಅಭಿಪ್ರಾಯ ಕೇಳಿಲ್ಲವೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್ 10ರಂದು ಆ ಸುತ್ತೋಲೆಯನ್ನು ರದ್ದುಮಾಡಿತು. ಜೊತೆಗೆ, ಒಡೆಯನ ಹೊಣೆಗಾರಿಕೆಯನ್ನೂ ಎತ್ತಿ ಹೇಳಿತು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ, ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದವನಿಗೆ ಆರು ತಿಂಗಳವರೆಗೆ ಸೆರೆ, ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಸ್ವಾರಸ್ಯವೆಂದರೆ, ಆ ಕಲಮು ಹಿಡಿಯುವುದೂ ನಿರ್ಲಕ್ಷ್ಯವನ್ನೇ.

ದೂರು ಹೇಳುವವರಿಗೂ ಒಂದು ಸಮಿತಿ ಇದೆ, ಭಾಷಾಸಮಿತಿ. ಬಡಾವಣೆಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನಾಯಿಯ ಮಾತು ಬಂದರೆ ಸಾಕು, ಹತ್ತು ನಿಮಿಷದಲ್ಲಿ ಜಾತಿ, ಊರು, ಬಾಡಿಗೆಯವರು, ಸ್ವಂತದವರು ಎಂದು ಎಲ್ಲೆಲ್ಲಿಗೋ ಹೋಗಿಬಿಡುತ್ತದೆ. ‘ಸ್ವಾಮಿ, ನಮ್ಮ ಮೊಮ್ಮಗು ಹೆದರುತ್ತೆ, ಈ ತಿರುವಿನಲ್ಲಿ ಸ್ವಲ್ಪ ಹಿಡ್ಕೊಳ್ಳಿ’ ಎಂದು ಎದುರಿಗೆ ಹೇಳಿದ ಹಿತಮಿತವಾದ ಮಾತನ್ನು ತಳ್ಳಿಹಾಕುವವರು ಕಡಿಮೆ. ಅದಕ್ಕೂ ಬಗ್ಗದವರ ವಿಷಯದಲ್ಲಿ ಮಾಧ್ಯಸ್ಥ್ಯ ಭಾವನೆಯಿಟ್ಟು, ಪುರಸಭೆಗೋ ಪೊಲೀಸರಿಗೋ ಬರೆದುಕೊಡಬೇಕು. ಕೋಪವನ್ನು ನಾಯಿಯ ಮೇಲೆ ತೀರಿಸಿಕೊಳ್ಳುವುದು, ಕಲ್ಲೆಸೆಯುವುದು, ತಿನಿಸಿನಲ್ಲಿ ವಿಷವಿಡುವುದು ವಧ. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿ ಅರಮನೆಯ ನಾಯಿ ಅರಮನೆಯ ನವಿಲನ್ನು ಹಿಡಿದು ಕೊಲ್ಲುತ್ತದೆ. ದೊರೆ ಯಶೋಮತಿ ಸಿಟ್ಟಿಗೆದ್ದು ನಾಯಿಯನ್ನು ಕೊಲ್ಲುತ್ತಾನೆ. ನವಿಲು ಅವನ ತಂದೆಯ ಜೀವ, ನಾಯಿ ಅಜ್ಜಿಯ ಜೀವ. ಎರಡನ್ನೂ ಒಂದೇ ಸೂರಿನಡಿ ಬಿಟ್ಟವರ ತಪ್ಪಿಗೆ ಹೊಡೆತ ತಿಂದದ್ದು ನಾಯಿ. ಮಗುವಿಗೆ ಕಚ್ಚಿತೆಂದು ಮರುದಿನವೇ ನಾಯಿಯನ್ನು ದೂರದ ರಸ್ತೆಬದಿಗೆ ಬಿಟ್ಟುಬರುವ ಒಡೆಯನ ನಡತೆ ಇದಕ್ಕಿಂತ ಬೇರೆಯಲ್ಲ.

ಬಿಟ್ಟುಬರುವುದಕ್ಕೂ ಮೊದಲು ಕೊಳ್ಳುವುದಿದೆ. ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಶ್ರಾವಕನು ಮಾಡಬಾರದ ಹದಿನೈದು ಕಸುಬುಗಳನ್ನು ಹೇಳುವಾಗ, ಹಣಕ್ಕಾಗಿ ಗಿಳಿ, ಬೆಕ್ಕು, ನಾಯಿ ಮುಂತಾದವನ್ನು ಸಾಕುವುದನ್ನು ಅವುಗಳಲ್ಲಿ ಸೇರಿಸಿದ್ದಾರೆ. ಹೆಣ್ಣುನಾಯಿಯಿಂದ ಬಿಡುವಿಲ್ಲದೆ ಮರಿ ಹಾಕಿಸಿ ಮಾರುವ ಇಂದಿನ ದಂಧೆಗೆ ಈ ನಿಷೇಧ ನೇರವಾಗಿ ತಟ್ಟುತ್ತದೆ. ಹಿಮದ ನಾಡಿನ ಹಸ್ಕಿಯನ್ನು ಬಯಲುಸೀಮೆಯ ಏಪ್ರಿಲ್ ಬಿಸಿಲಿಗೆ ತಂದು, ಹವಾನಿಯಂತ್ರಿತ ಕೋಣೆಯಲ್ಲಿಟ್ಟು ಚಿತ್ರ ತೆಗೆದು ಹಂಚುವುದರಲ್ಲಿ ಕರುಣೆ ಎಷ್ಟು, ಪ್ರದರ್ಶನ ಎಷ್ಟು ಎಂಬುದನ್ನು ಅವರವರೇ ಕೇಳಿಕೊಳ್ಳಬೇಕು. ಮಾಂಸಾಹಾರದ ಕಾರಣಕ್ಕೆ ನಾಯಿಯನ್ನೇ ಸಾಕದ ಜೈನ ಮನೆಗಳು ಬಹಳ; ಅದು ವಿವೇಕದ ನಡೆ. ಸಾಕಲೇಬೇಕೆನ್ನುವವರು ರಾಗಿ, ಅನ್ನ, ಹಾಲು, ಮೊಸರಿನಲ್ಲಿ ಬೆಳೆದುಬಂದ ನಾಡತಳಿಯ ಮರಿಯನ್ನು, ಪಶುವೈದ್ಯರನ್ನು ವಿಚಾರಿಸಿ, ಮನೆಗೆ ತರಬಹುದು.

ನಾಯಿ ಕೀಳೆಂಬ ಭಾವನೆಯಂತೂ ಜಿನಮಾರ್ಗದ್ದಲ್ಲ. ಮನಸ್ಸುಳ್ಳ ಪಂಚೇಂದ್ರಿಯ ತಿರ್ಯಂಚ ಜೀವಿಗೆ ಸಮ್ಯಗ್ದರ್ಶನ ಸಾಧ್ಯ, ಐದನೆಯ ಗುಣಸ್ಥಾನದವರೆಗೆ ಏರುವುದೂ ಸಾಧ್ಯ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಧರ್ಮದ ಮಹಿಮೆ ತಿಳಿಸಲು ಆರಿಸಿಕೊಂಡ ಉದಾಹರಣೆಯೂ ನಾಯಿಯದೇ. ಜೀವಂಧರನ ಕಥೆಯನ್ನು ವಾದೀಭಸಿಂಹರು ಸಂಸ್ಕೃತದಲ್ಲಿ, ಭಾಸ್ಕರ ಕವಿ 1424ರಲ್ಲಿ ಕನ್ನಡದಲ್ಲಿ ಹೇಳಿದ್ದಾರೆ. ಆ ಕಥೆಯಲ್ಲಿ, ಮೀಸಲು ಅನ್ನಕ್ಕೆ ಬಾಯಿ ಹಾಕಿತೆಂದು ಹೊಡೆತ ತಿಂದ ನಾಯಿಯೊಂದು ದಾರಿಯಲ್ಲಿ ಪ್ರಾಣ ಬಿಡುತ್ತಿರುತ್ತದೆ. ರಾಜಕುಮಾರನು ಅದರ ಬಳಿ ಕುಳಿತು ಕಿವಿಯಲ್ಲಿ ಪಂಚನಮಸ್ಕಾರವನ್ನು ಉಚ್ಚರಿಸುತ್ತಾನೆ. ಆ ಜೀವ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ, ಮುಂದೆ ಅವನ ಕಷ್ಟಕಾಲದಲ್ಲಿ ನೆರವಾಗುತ್ತದೆ.

ದೇವನಹಳ್ಳಿಯ ಸುತ್ತ ಜೀವಂಧರನ ಕೆಲಸ ಮಾಡಬಯಸುವವರಿಗೆ ಅವಕಾಶ ಬೇಕಾದಷ್ಟಿದೆ. ಕೊರಳಲ್ಲಿ ಪಟ್ಟಿಯಿದ್ದೂ ಮನೆಯಿಲ್ಲದ ನಾಯಿ ಹೊಸ ಬಡಾವಣೆಯ ಖಾಲಿ ನಿವೇಶನದಲ್ಲಿ ಕಂಡರೆ, ಯಾರದೆಂದು ವಿಚಾರಿಸಿ, ನೀರಿಟ್ಟು, ತಾಲ್ಲೂಕಿನ ಪಶು ಆಸ್ಪತ್ರೆಗೆ ತಿಳಿಸಬಹುದು. ಸ್ವಂತ ನಾಯಿಗೆ ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ, ವೈದ್ಯರು ಹೇಳಿದ ಅವಧಿಗೆ ಜಂತುಹುಳುವಿನ ಔಷಧ ತಪ್ಪಬಾರದು. ಯಾರಿಗಾದರೂ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ರೇಬಿಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಬಹುತೇಕ ಅಸಾಧ್ಯ. ಅರಿಶಿನ, ಸುಣ್ಣ, ಮಂತ್ರಿಸಿದ ದಾರ ಇವುಗಳಲ್ಲಿ ಹೊತ್ತು ಕಳೆಯಬಾರದು. ನಾಯಿಯ ಒಡೆಯನೇ ಜೊತೆಗೆ ಹೋಗಿ, ಲಸಿಕೆಯ ಕೊನೆಯ ಚುಚ್ಚುಮದ್ದಿನವರೆಗೆ ಖರ್ಚು ನೋಡಿಕೊಂಡು, ನಾಯಿಯ ಲಸಿಕೆಯ ಚೀಟಿಯನ್ನು ವೈದ್ಯರ ಕೈಗೆ ಕೊಡಬೇಕು.